ಹಲಗೆಯ ಹಿಂಬದಿ

ತಲೆಕೆಳಗಾಗಿ ಹಿಡಿದಿಲ್ಲ ತಾನೆ?

ಮೆರವಣಿಗೆ ಹೊರಟಾಗಿನಿಂದ ಶಾಲ್ವನ ತಲೆಯಲ್ಲಿ ಇದೊಂದೇ ಪ್ರಶ್ನೆ. ಕೈಯಲ್ಲಿ ಕೋಲು, ಕೋಲಿನ ತುದಿಗೆ ಪ್ಲೈವುಡ್ ಹಲಗೆ, ಹಲಗೆಯ ಎರಡೂ ಬದಿಗೆ ತೇಕ್ಲೆ ಬರೆದ ಕೆಂಪು ಅಕ್ಷರಗಳು. ದ್ರಾಕ್ಷಿಬಳ್ಳಿಯ ಕುಡಿಗಳ ಹಾಗೆ ಸುತ್ತಿ ಸುಳಿದು ಕೂತಿದ್ದವು. ಬಳ್ಳಿಗೆ ಮೇಲೆ ಕೆಳಗೆ ಅಂತ ಎಲ್ಲಿರುತ್ತದೆ? ಕೇಳೋಣವೆಂದರೆ ಯಾರನ್ನು ಕೇಳುವುದು? ಅವತ್ತು ಏಪ್ರಿಲ್ ಹದಿನಾಲ್ಕು, ಭಾಷೆಯ ದಿನ. ಕುತಾಯಿಸಿ ಊರಿನ ಜನ ‘ಅಕ್ಷರ ಉಳಿಸಿ’ ಎಂದು ಕೂಗುತ್ತಾ ರಿಯೋನಿ ನದಿಯ ಸೇತುವೆಯ ಕಡೆ ಹೊರಟಿದ್ದಾರೆ. ಅವರ ನಡುವೆ ನಿಂತು, ‘ಅಣ್ಣಾ, ನಂಗೆ ನಮ್ಮ ಜಾರ್ಜಿಯನ್ ಅಕ್ಷರ ಓದಕ್ಕೆ ಬರಲ್ಲ’ ಅನ್ನುವುದು ಹೇಗೆ?

ಮಾತು ಬರುತ್ತದೆ. ಜಗಳ, ಜೋಕು, ಬೈಗುಳ ಎಲ್ಲ ಬರುತ್ತದೆ, ನಮ್ಮ ಇಮೆರೆತಿ ಸೀಮೆಯ ರಾಗದ ಸಮೇತ. ಮೂರು ವರ್ಷದ ಮಗುವಾಗಿದ್ದಾಗ ಅಮ್ಮ ನಜಿಬ್ರೋಲಾ ಅವನನ್ನು ಎತ್ತಿಕೊಂಡು ಗ್ರೀಸ್ ದೇಶದ ಬಸ್ಸು ಹತ್ತಿದ್ದಳು. ಇಲ್ಲಿನ ಕಾರ್ಖಾನೆ ಮುಚ್ಚಿತ್ತು. ಮುಚ್ಚಿದವರ ಮಕ್ಕಳು ಲಂಡನ್ನಿನಲ್ಲಿ ಓದಿದರು. ಕಾರ್ಖಾನೆಯಲ್ಲಿ ದುಡಿದಿದ್ದ ಹೆಂಗಸರು ಪರದೇಶದ ಮುದುಕರ ಬೆನ್ನು ತಿಕ್ಕಲು ಹೋದರು. ಥೆಸಲೊನೀಕಿಯಲ್ಲಿ ನಮ್ಮವರು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದರು, ಸುಳ್ಳಲ್ಲ. ಆದರೆ ನಜಿಬ್ರೋಲಾಗೆ ಭಾನುವಾರವೇ ಇರಲಿಲ್ಲ. ಮಗ ಗ್ರೀಕ್ ಅಕ್ಷರ ಕಲಿತ, ಇಂಗ್ಲಿಷ್ ಅಕ್ಷರ ಕಲಿತ. ಅಮ್ಮನಿಗೆ ಮೆಸೇಜ್ ಮಾಡುವಾಗ ತಾಯ್ನುಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ.

ಈಗ ಅವನಿಗೆ ಇಪ್ಪತ್ತೇಳು. ಚಳಿ ಮುಗಿಯುವ ಹೊತ್ತಿಗೆ, ತೀರಿಕೊಂಡ ಅಜ್ಜಿಯ ಕೋಣೆಗೆ ಬಂದು ಸೇರಿದ್ದ. ಹಲವು ಮನೆಗಳಿಗೆ ಸೇರಿದ ನಮ್ಮ ಅಂಗಳದ ಮೂಲೆಯ ಬೇಕರಿಯಲ್ಲಿ ಬಾವಿಯಂಥ ಒಲೆಯೊಳಕ್ಕೆ ಸೊಂಟದವರೆಗೆ ಬಗ್ಗಿ ರೊಟ್ಟಿ ಬಡಿಯುವ ಕೆಲಸ. ಅವನಿಗೆ ಓದಲು ಬರುವುದಿಲ್ಲವೆಂದು ಯಾರಿಗೂ ಅನುಮಾನ ಬರಲಿಲ್ಲ. ಹೇಗೆ ಬಂದೀತು? ನಮ್ಮ ಹುಡುಗರೆಲ್ಲ ಫೋನಿನಲ್ಲಿ ಕುಟ್ಟುವುದು ಇಂಗ್ಲಿಷ್ ಅಕ್ಷರವನ್ನೇ.

ತೇಕ್ಲೆ ಒಬ್ಬಳನ್ನು ಬಿಟ್ಟು.

ತೇಕ್ಲೆ ನದಿದಂಡೆಯ ಹಳೇ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದವಳು, ಅದನ್ನು ಹೋಟೆಲಿನವರಿಗೆ ಮಾರುವ ತನಕ. ಈಗ ಅಂಗಡಿ ಬೋರ್ಡು, ಗೋರಿಕಲ್ಲು, ಮದುವೆ ಕಾರ್ಡು ಬರೆಯುತ್ತಾಳೆ. ಇಗರ್ಜಿಯ ಕಲ್ಲಿನ ಮೇಲಿನ ಹಳೇ ದೊಡ್ಡಕ್ಷರ, ಸನ್ಯಾಸಿಗಳು ಬರೆಯುತ್ತಿದ್ದ ಓರೆಯಕ್ಷರ, ದಿನಬಳಕೆಯ ದುಂಡಕ್ಷರ, ಮೂರೂ ಅವಳ ಕೈಗೆ ಗೊತ್ತು. ಯೋಚನೆ ಮಾಡುವಾಗ ಬಣ್ಣ ಮೆತ್ತಿದ ಬೆರಳಲ್ಲೇ ಕಿವಿಯ ತುದಿ ಹಿಂಡಿಕೊಳ್ಳುವ ಅಭ್ಯಾಸ; ಹಾಗಾಗಿ ಎಡಗಿವಿಗೆ ಯಾವಾಗಲೂ ಯಾವುದೋ ಒಂದು ಬಣ್ಣದ ಓಲೆ. ಶಾಲ್ವ ದಿನ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಅದನ್ನೇ. ಇವತ್ತು ನೀಲಿ. ಇವತ್ತು ಕೆಂಪು.

“ಏನಪ್ಪಾ ಗ್ರೀಕ್ ದೊರೆ, ಎಲ್ಲಿ ನನ್ನ ರೊಟ್ಟಿ?”

“ಸುಟ್ಟಿರೋದು ಬೇಕಾ, ಸುಡದೇ ಇರೋದು ಬೇಕಾ?”

“ನನ್ನನ್ನ ನೋಡ್ತಾ ನೋಡ್ತಾ ಬಡಿದದ್ದು ಬೇಡ. ಅದು ಯಾವಾಗ್ಲೂ ಸುಟ್ಟಿರುತ್ತೆ.”

ಹೀಗೆ ಶುರುವಾದದ್ದು ಫೋನಿಗೆ ಹೋಯಿತು. ಅವಳ ಮೊದಲ ಮೆಸೇಜ್ ಬಂದ ದಿನ ಶಾಲ್ವ ಆ ಬಳ್ಳಿಯನ್ನು ನೋಡಿ ನೋಡಿ ಬೆವರಿದ. ಕೊನೆಗೆ ತನಗೆ ಬರುವ ಅಕ್ಷರದಲ್ಲಿ ಉತ್ತರ ಕುಟ್ಟಿದ: ‘ಬರೀಬೇಡ. ಮಾತಾಡಿ ಕಳಿಸು. ನಿನ್ನ ದನಿ ಕೇಳಬೇಕು.’

ತೇಕ್ಲೆ ಅದನ್ನು ಓದಿ ಫೋನನ್ನು ಎದೆಗೊತ್ತಿಕೊಂಡಳು. ಅಷ್ಟು ಚೆಂದದ ಮಾತನ್ನು ಅವಳಿಗೆ ಅದುವರೆಗೆ ಯಾರೂ ಅಂದಿರಲಿಲ್ಲ. ಅಷ್ಟು ಹೆದರಿಕೊಂಡು ಯಾರೂ ಅಂದಿರಲಿಲ್ಲ ಅನ್ನುವುದು ಅವಳಿಗೇನು ಗೊತ್ತು?

ಇನ್ನು ಹಲಗೆಯ ವಿಷಯ. ಮುಂಬದಿಯಲ್ಲಿ ಇದ್ದದ್ದು, ‘ನಮ್ಮ ಅಕ್ಷರ ಮಾರಾಟಕ್ಕಿಲ್ಲ.’ ಹಿಂಬದಿಯಲ್ಲೂ ಅದೇ ಎಂದು ಶಾಲ್ವ ನಂಬಿದ್ದ. ಹಿಂಬದಿಯಲ್ಲಿ ಇದ್ದದ್ದು ಇದು:

‘ಈ ಬೋರ್ಡು ಹೊತ್ತ ಹುಡುಗ ನನಗೆ ಬೇಕು. ಅವನಿಗೂ ನಾನು ಬೇಕಿದ್ದರೆ ಸೇತುವೆ ಮುಗಿಯುವ ಮೊದಲು ಒಂದು ಸಲ ತಿರುಗಿ ನೋಡಲಿ.’

ಕೊಡುವಾಗ ಹಿಂಬದಿಯನ್ನು ಅವನ ಮುಖಕ್ಕೆ ಹಿಡಿದೇ ಕೊಟ್ಟಿದ್ದಳು. ಅವನು ಪೂರ್ತಿ ನೋಡಿದ. ತಲೆಯಾಡಿಸಿದ. ಅವಳು ಹಿಂದಿನ ಸಾಲಿಗೆ ಓಡಿದ್ದಳು.

ಮೊದಲು ಓದಿದ್ದು ಗುಗುಲಿ ಅಜ್ಜಿ. ನಮ್ಮ ಅಂಗಳದಲ್ಲಿ ಕೋಳಿ ಸಾಕುವವಳು. “ಅಯ್ಯೋ ನನ್ನಮ್ಮಾ, ಏನೇ ಬರೆದಿದೀಯ ಇದು!”

“ಶ್! ಸುಮ್ನಿರಜ್ಜಿ!”

“ನಾನು ಸುಮ್ನಿರ್ತೀನಿ. ಊರು ಸುಮ್ನಿರುತ್ತಾ?”

ಊರು ಸುಮ್ಮನಿರಲಿಲ್ಲ. ಸಾಲಿನಿಂದ ಸಾಲಿಗೆ ನಗು ಹಬ್ಬಿತು. ಘೋಷಣೆ ಕೂಗುತ್ತಿದ್ದ ಗಡ್ಡದವರು ಘೋಷಣೆ ಮರೆತರು. ಮಗು ಹೊತ್ತ ಹೆಂಗಸರು ಮುಂದೆ ಬಂದು ಓದಿ, ತೇಕ್ಲೆಯ ಕಡೆ ಕಣ್ಣು ಮಿಟುಕಿಸಿ ಹಿಂದೆ ಸರಿದರು. ಅವಳ ಸೋದರಮಾವ ಉಷಾಂಗಿ, “ಈ ಹುಡುಗಿ ನಮ್ಮ ಮನೆತನದ್ದೇ, ಸಂಶಯ ಇಲ್ಲ” ಎಂದು ಮೀಸೆ ತಿರುವಿದ.

ಶಾಲ್ವನಿಗೆ ಕೇಳಿಸಿದ್ದು ಬರೀ ನಗು. ತನ್ನ ಬೆನ್ನ ಹಿಂದೆ, ತನ್ನ ಹಲಗೆ ನೋಡಿ, ಊರಿಗೂರೇ ನಗುತ್ತಿದೆ. ಅಂದರೆ ತಲೆಕೆಳಗಾಗೇ ಹಿಡಿದಿದ್ದೀನಿ. ಕಿವಿ ಕಾದ ಹೆಂಚಾಯಿತು. ತಿರುಗಿದರೆ ತೇಕ್ಲೆಯ ಕಣ್ಣು ಸಿಗುತ್ತದೆ, ಆ ಕಣ್ಣಿಗೆ ಎಲ್ಲ ಗೊತ್ತಾಗುತ್ತದೆ. ಅವನು ಕತ್ತನ್ನು ಕಂಬದ ಹಾಗೆ ನೆಟ್ಟಗೆ ಇಟ್ಟುಕೊಂಡು ಸೇತುವೆ ಹತ್ತಿದ. ಕೆಳಗೆ ರಿಯೋನಿ ಬೆಳ್ಳಗಿನ ಕಲ್ಲುಗಳ ಮೇಲೆ ಅಬ್ಬರಿಸುತ್ತಿತ್ತು. ಹಿಂದಿನ ಸಾಲುಗಳು ಒಂದೊಂದಾಗಿ ಮಾತು ನಿಲ್ಲಿಸಿದವು.

ಸೇತುವೆ ಮುಗಿಯಿತು. ಅವನು ತಿರುಗಲಿಲ್ಲ.

ಹೋಟೆಲಿನವರು ಅಚ್ಚುಕೂಟ ಕೆಡವಲೆಂದು ಸುತ್ತ ಹಾಕಿದ್ದ ತಗಡಿನ ಬೇಲಿಯ ಬಳಿ ಜನ ನಿಂತಿತು. ಅಲ್ಲಿ ತೇಕ್ಲೆ ಅವನ ಎದುರಿಗೆ ಬಂದಳು. ಕಿವಿಯ ತುದಿ ಕೆಂಪಗಿತ್ತು.

“ಬೋರ್ಡಿನ ಹಿಂದೆ ಬರೆದದ್ದು ಓದಿದೆಯಾ?”

ನಿಜ ಹೇಳಲು ಅದೇ ಸಮಯ. ಅವನು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಪಕ್ಕದ ಹುಡುಗರು ಇನ್ನೊಂದು ಬೋರ್ಡನ್ನು ಎತ್ತಿ ಹಿಡಿದು ಅದರ ಸಾಲನ್ನು ಕೂಗತೊಡಗಿದರು. “ತಾಯ್ನುಡಿಗೆ ಪರರ ಅಕ್ಷರ ತೊಡಿಸಿದವರು ತಾಯಿಯನ್ನೇ ಮಾರಿದವರು!” ಅದನ್ನು ಬರೆದವಳೂ ತೇಕ್ಲೆಯೇ.

“ಓದಿದೆ,” ಅಂದ ಶಾಲ್ವ.

“ಮತ್ತೆ?”

“ಚೆನ್ನಾಗಿದೆ. ಅಕ್ಷರ ಮುದ್ದಾಗಿ ಬಂದಿವೆ. ಕೆಂಪು ಒಂಚೂರು ಜಾಸ್ತಿ ಆಯ್ತೇನೋ.”

ಅವಳು ಅವನನ್ನೇ ನೋಡಿದಳು. ಮುಖದ ಮೇಲೆ ಬಾಗಿಲೊಂದು ನಿಧಾನವಾಗಿ ಮುಚ್ಚಿಕೊಂಡಿತು.

“ಹೌದಾ,” ಅಂದಳು. “ಜಾಸ್ತಿ ಆಯ್ತಾ.” ಕೋಲನ್ನು ಅವನ ಕೈಯಿಂದ ಬಿಡಿಸಿಕೊಂಡು ಹೊರಟುಹೋದಳು.

ಆಮೇಲೆ ಅವಳ ದನಿ ಬರಲಿಲ್ಲ. ಅಂಗಳದಲ್ಲೇ ಬೇಕರಿ ಇದ್ದರೂ ಆಚೆ ಬೀದಿಯಿಂದ ರೊಟ್ಟಿ ತಂದಳು. ನಮ್ಮ ಅಂಗಳದಲ್ಲಿ ಇದಕ್ಕೆ ಯುದ್ಧ ಅಂತಾರೆ. ಅಂಗಳವೂ ಅವಳ ಕಡೆಗೇ. “ರೊಟ್ಟಿ ಕೊಡು, ಮುಖ ತೋರಿಸ್ಬೇಡ,” ಅಂದಳು ಗುಗುಲಿ ಅಜ್ಜಿ. ತೇಕ್ಲೆ ಬಿಸಾಡಿದ ಹಲಗೆಯನ್ನು ಅಜ್ಜಿ ಎತ್ತಿಕೊಂಡು ಹೋಗಿ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದಳು. ಹಿಂಬದಿಯ ಅಕ್ಷರ ಒಳಮುಖವಾಗಿ. ಕೋಳಿಗಳು ಬೇಕಾದರೆ ಓದಿಕೊಳ್ಳಲಿ.

ಶಾಲ್ವನಿಗೆ ಇಷ್ಟು ಗೊತ್ತಾಯಿತು: ಏನನ್ನೋ ಕಳಕೊಂಡೆ. ಏನನ್ನು ಅಂತ ಗೊತ್ತಾಗಲಿಲ್ಲ. ಫೋನ್ ತೆಗೆದು ಅವಳ ಹಳೇ ದನಿಗಳನ್ನು ಕೇಳುತ್ತಾ ಹಿಟ್ಟು ನಾದುತ್ತಿದ್ದ. ‘ಇವತ್ತು ಒಬ್ಬ ಮುದುಕನ ಗೋರಿಕಲ್ಲು ಬರೆದೆ ಕಣೋ, ಬದುಕಿರೋವಾಗ್ಲೇ ಬಂದು ಆರ್ಡರ್ ಕೊಟ್ಟ, ತನ್ನ ಹೆಸರಿಗೆ ಬಾಲ ಉದ್ದ ಇರಲಿ ಅಂದ.’ ಕೊನೆಗೊಂದು ನಗು. ಆ ನಗು ಮುಗಿಯುವ ಜಾಗದಲ್ಲಿ ಅವನು ಪ್ರತಿ ಸಲವೂ ಕೈ ನಿಲ್ಲಿಸುತ್ತಿದ್ದ.

ಅಚ್ಚುಕೂಟ ಕೆಡವದಂತೆ ಕೋರ್ಟಿನಿಂದ ತಡೆ ಸಿಕ್ಕಿತು. ಆ ಭಾನುವಾರ ಮಧ್ಯಾಹ್ನ ಅಂಗಳದ ದ್ರಾಕ್ಷಿ ಚಪ್ಪರದಡಿ ಮೇಜಿಗೆ ಮೇಜು ಜೋಡಿಸಿ ಊಟಕ್ಕೆ ಕೂತೆವು. ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ಕಾಳು ಬೇಯಿಸಿದ ಮಡಕೆ, ಅಕ್ರೋಟು ಅರೆದು ಹಾಕಿದ ಸೊಪ್ಪು, ಚೀಸು, ಹೂಜಿ ತುಂಬ ಬಿಳಿ ವೈನು. ಅಂಗಳದಲ್ಲಿ ಇರುವವನನ್ನು ಊಟಕ್ಕೆ ಕರೆಯದೆ ಬಿಡುವ ಹಾಗಿಲ್ಲ, ಹಾಗಾಗಿ ಶಾಲ್ವನೂ ಇದ್ದ, ಮೇಜಿನ ಆ ತುದಿಗೆ. ತೇಕ್ಲೆ ಈ ತುದಿಗೆ. ಊಟದ ಯಜಮಾನಿಕೆ ಉಷಾಂಗಿ ಮಾವನದು. ಅವನು ಎದ್ದು ನಿಂತು ಹೇಳದೆ ಯಾರೂ ಲೋಟ ಎತ್ತುವಂತಿಲ್ಲ.

ಸತ್ತವರಿಗೆ ಕುಡಿದದ್ದಾಯಿತು, ಮಕ್ಕಳಿಗೆ ಕುಡಿದದ್ದಾಯಿತು. ಉಷಾಂಗಿ ಮತ್ತೆ ಎದ್ದ.

“ಈಗ ತಾಯ್ನುಡಿಗೆ. ಎಷ್ಟೋ ದೊರೆಗಳು ಬಂದ್ರು, ಅದರ ನಾಲಿಗೆ ಕೀಳ್ತೀವಿ ಅಂದ್ರು. ಈಗಿನವರು ಬುದ್ಧಿವಂತರು, ನಾಲಿಗೆ ಮುಟ್ಟಲ್ಲ, ಜಾಗ ಖರೀದಿ ಮಾಡ್ತಾರೆ.” ಜನ ಹೋ ಎಂದಿತು. ಅವನು ಲೋಟವನ್ನು ಮೇಜಿನ ಆ ತುದಿಗೆ ಚಾಚಿದ. “ಅಲಾವೆರ್ದಿ, ಶಾಲ್ವ!”

ಅಲಾವೆರ್ದಿ ಅಂದರೆ ಮಾತಿನ ಸರದಿ ದಾಟಿಸುವುದು. ಯಾರ ಹೆಸರು ಕರೆದರೋ ಅವರು ಎದ್ದು ಅದೇ ವಿಷಯದ ಮೇಲೆ ಮನಸ್ಸು ಬಿಚ್ಚಿ ಮಾತಾಡಿಯೇ ಕುಡಿಯಬೇಕು. ಉಷಾಂಗಿ ಯಾಕೆ ಅವನಿಗೆ ಕೊಟ್ಟನೆಂದು ಎಲ್ಲರಿಗೂ ಗೊತ್ತು. ಬೋರ್ಡಿಗೆ ಕೊಡದ ಉತ್ತರವನ್ನು ಊರೆದುರೇ ಕೊಡಲಿ.

“ಮಾವ, ಬೇರೆ ಯಾರಿಗಾದ್ರೂ ಕೊಡಿ,” ಅಂದ ಶಾಲ್ವ.

“ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಏಳಪ್ಪಾ.”

ಶಾಲ್ವ ಎದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ತಾಯ್ನುಡಿ ನಂಗೆ ಕಿವಿಯಿಂದ ಗೊತ್ತು. ಅಮ್ಮ ಕೆಲಸದಿಂದ ಬಂದು, ನೀರಲ್ಲಿ ನೆನೆದು ಬೆಳ್ಳಗಾದ ಕೈಯಲ್ಲಿ ನನ್ನ ತಲೆ ಸವರ್ತಾ ಮಾತಾಡ್ತಿದ್ಲು. ‘ತಿಂದ್ಯೇನಮ್ಮಾ’ ಅಂತ ನನ್ನನ್ನೇ ಅಮ್ಮಾ ಅಂತಿದ್ಲು. ಅಷ್ಟೇ ನನ್ನ ಸ್ಕೂಲು. ಕಣ್ಣಿಂದ ನಂಗೆ ಗೊತ್ತಿಲ್ಲ. ನಂಗೆ ಓದಕ್ಕೆ ಬರಲ್ಲ.”

ಯಾರೋ ಚಮಚ ಕೆಳಗಿಟ್ಟರು.

“ಬೇಕರಿ ಮೇಲಿರೋ ‘ರೊಟ್ಟಿ’ ಅನ್ನೋದೊಂದು ಗೊತ್ತು. ಅದೂ ಚಿತ್ರದ ಹಾಗೆ. ತೇಕ್ಲೆ, ಅವತ್ತು ಓದಿದೆ ಅಂದ್ನಲ್ಲ, ಸುಳ್ಳು. ಎಲ್ರೂ ನಗ್ತಿದ್ರಿ. ಬೋರ್ಡು ತಲೆಕೆಳಗೆ ಹಿಡಿದಿದೀನಿ ಅಂದ್ಕೊಂಡೆ. ಅದಕ್ಕೇ ಕತ್ತು ತಿರುಗಿಸ್ಲಿಲ್ಲ. ತಾಯಿ ಮಾರಿದವರು ಅಂತ ಒಂದು ಬೋರ್ಡಿತ್ತು. ನಾನು ಅಮ್ಮನ್ನ ಮಾರ್ಲಿಲ್ಲ. ಅವಳಿಗೆ ಭಾನುವಾರ ರಜೆ ಇರ್ಲಿಲ್ಲ, ಅಷ್ಟೇ. ಈ ಲೋಟ ರಜೆ ಇಲ್ಲದ ಅಮ್ಮಂದಿರ ಭಾಷೆಗೆ.”

ಕುಡಿದು ಕೂತ.

ನಮ್ಮ ಮೇಜಿನಲ್ಲಿ ಪರದೇಶಕ್ಕೆ ಹೆಣ್ಣುಮಗಳನ್ನು ಕಳಿಸದ ಮನೆ ಯಾವುದಿತ್ತು? ಗುಗುಲಿ ಅಜ್ಜಿಯ ಮಗಳು ಇಟಲಿಗೆ ಹೋದ ಮೇಲೆ ಮೊಮ್ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿತ್ತು. ಅಜ್ಜಿ ಮೇಜುಬಟ್ಟೆಯ ತುದಿಯಲ್ಲೇ ಕಣ್ಣೊರೆಸಿಕೊಂಡಳು. ಒರೆಸುತ್ತಿದ್ದವಳು ಥಟ್ಟನೆ ತಲೆಯೆತ್ತಿದಳು.

“ಅಯ್ಯೋ! ಹಾಗಾದ್ರೆ ಇವನು ಓದೇ ಇಲ್ಲ!”

ಒಂದು ಕ್ಷಣ, ಆಮೇಲೆ ಮೇಜಿಗೆ ಮೇಜೇ ಸ್ಫೋಟಿಸಿತು. ನಗುವವರು, ಅಳುವವರು, ಎರಡೂ ಮಾಡುವವರು. “ಮಗಾ, ಅದ್ರಲ್ಲಿ ಏನು ಬರೆದಿತ್ತು ಗೊತ್ತಾ,” ಎಂದು ಗುಗುಲಿ ಅಜ್ಜಿ ಎದ್ದೇಬಿಟ್ಟಳು.

“ಅಜ್ಜೀ!” ತೇಕ್ಲೆ ನಿಂತಿದ್ದಳು. “ಯಾರಾದ್ರೂ ಒಂದಕ್ಷರ ಹೇಳಿದ್ರೆ ನೋಡಿ ಮತ್ತೆ. ಅವರ ಗೋರಿಕಲ್ಲು ನಾನು ಬರೆಯಲ್ಲ.”

ಅಂಗಳ ಬಾಯಿ ಮುಚ್ಚಿತು. ಆ ಬೆದರಿಕೆ ನಮ್ಮಲ್ಲಿ ಸಣ್ಣದಲ್ಲ.

ಅವಳು ಮೇಜಿನ ಉದ್ದಕ್ಕೂ ನಡೆದು ಅವನ ಬಳಿ ಬಂದಳು. ಇವತ್ತು ಕಿವಿಗೆ ಬಣ್ಣವಿರಲಿಲ್ಲ.

“ಆ ಬೈಗುಳದ ಬೋರ್ಡು ಬರೆದವಳು ನಾನು.”

“ಗೊತ್ತು. ಹುಡುಗರೇ ನಿನ್ನ ಹೆಸರು ಹೇಳಿದ್ರು.”

“ನಿಂಗೆ ತಾಗ್ತಾ?”

“ನಂಗೇನಿಲ್ಲ. ಅಮ್ಮನಿಗೆ ತಾಗ್ತು.”

ತೇಕ್ಲೆ ಕೆಳತುಟಿ ಕಚ್ಚಿಕೊಂಡಳು. “ಮಾರಿದವರ ಹೆಸರು ಬರೀಬೇಕಿತ್ತು. ಮಾರಿಹೋದವರನ್ನ ಬೈದುಬಿಟ್ಟೆ,” ಅಂದಳು. ಅಂದವಳೇ ಆ ಬೋರ್ಡನ್ನು ಮನೆಯಿಂದ ತಂದು ಎಲ್ಲರೆದುರು ಬಿಳಿ ಬಣ್ಣ ಬಳಿದಳು.

“ಈಗ್ಲಾದ್ರೂ ಹೇಳು, ನನ್ನ ಬೋರ್ಡಲ್ಲಿ ಏನಿತ್ತು?” ಅಂದ ಶಾಲ್ವ.

“ಕೋಳಿಗೂಡಲ್ಲಿದೆ. ಓದ್ಕೋ.”

“ಫೋನಿಗೆ ತೋರಿಸಿದ್ರೆ ಅದೇ ಓದಿ ಹೇಳುತ್ತೆ.”

“ಅದನ್ನ ನಾನು ಫೋನಿಗೆ ಬರೆದಿಲ್ಲ,” ಅಂದಳು ತೇಕ್ಲೆ.

ಮರುದಿನದಿಂದ ಅವಳು ಬೆಳಿಗ್ಗೆ ಮೊದಲ ರೊಟ್ಟಿ ಒಲೆಗೆ ಬೀಳುವ ಹೊತ್ತಿಗೆ ಬೇಕರಿಗೆ ಬಂದಳು. ಹಿಟ್ಟು ಉದುರಿಸಿದ ಮಣೆಯ ಮೇಲೆ ಬೆರಳಿಂದ ಅಕ್ಷರ ಬರೆಯುವಳು, ಅವನು ಅದರ ಮೇಲೇ ತನ್ನ ಬೆರಳು ಎಳೆಯುವನು.

“ಇದು ಕ. ಇದೂ ಕ. ಮೊದಲನೇದಕ್ಕೆ ಉಸಿರು ಹೊರಗೆ ಬರಬೇಕು. ಇನ್ನೊಂದಕ್ಕೆ ಗಂಟಲಲ್ಲೇ ಬೀಗ.”

“ನಾನು ಮೆಸೇಜಲ್ಲಿ ಎರಡಕ್ಕೂ ಒಂದೇ ಹಾಕ್ತಿದ್ದೆ.”

“ನಿನ್ನ ಇಂಗ್ಲಿಷ್ ಅಕ್ಷರ ರಬ್ಬರ್ ಚಪ್ಪಲಿ ಇದ್ದ ಹಾಗೆ. ಎಡಗಾಲು ಬಲಗಾಲು ಎಲ್ಲಾದಕ್ಕೂ ಒಂದೇ.”

“ಆ ಚಪ್ಪಲಿ ಹಾಕ್ಕೊಂಡೇ ನಿನ್ನವರೆಗೂ ನಡ್ಕೊಂಡು ಬಂದೆ ತಾಯೀ.”

ಅವಳು ಕಿವಿ ಹಿಂಡಿಕೊಂಡಳು, ಈಗ ಅಲ್ಲಿ ಹಿಟ್ಟಿನ ಓಲೆ. ಅವನು ಅದನ್ನು ಒರೆಸಲು ಕೈ ಎತ್ತಿ, ತನ್ನ ಕೈಯೆಲ್ಲ ಹಿಟ್ಟೇ ಅನ್ನುವುದು ನೆನಪಾಗಿ, ಆದರೂ ಒರೆಸಿದ. ಓಲೆ ದೊಡ್ಡದಾಯಿತು. ಒಲೆಯೊಳಗೆ ರೊಟ್ಟಿ ಸುಡುವ ವಾಸನೆ ಬಂತು. ಇಬ್ಬರೂ ಅಲ್ಲಾಡಲಿಲ್ಲ.

ಒಂದು ಮಧ್ಯಾಹ್ನ ಗುಗುಲಿ ಅಜ್ಜಿ ಕಿಟಕಿಯಿಂದ ನೋಡುತ್ತಾಳೆ, ಶಾಲ್ವ ಕೋಳಿಗೂಡಿನೊಳಗೆ ತಲೆ ತೂರಿಸಿ ಮಂಡಿಯೂರಿ ಕೂತಿದ್ದಾನೆ. ಬೆರಳು ಹಲಗೆಯ ಮೇಲೆ ನಿಧಾನ ತೆವಳುತ್ತಿದೆ. ಹುಂಜ ಬಂದು ಮಣಿಕಟ್ಟಿಗೆ ಕುಕ್ಕಿತು, ಅವನಿಗೆ ಗೊತ್ತೇ ಆಗಲಿಲ್ಲ. ‘ಈ… ಬೋರ್ಡು… ಹೊತ್ತ…’ ಸಣ್ಣ ಮಗುವಿನ ಹಾಗೆ ಬಾಯಿಬಿಟ್ಟು ಕೂಡಿಸಿ ಕೂಡಿಸಿ ಓದಿದ. ‘ಬೇಕು’ ಅನ್ನುವಲ್ಲಿ ನಿಂತ. ಮತ್ತೆ ಮೊದಲಿನಿಂದ ಓದಿದ. ಕೊನೆಯ ಸಾಲು ಮುಟ್ಟಿದಾಗ ಹಣೆಯನ್ನು ಹಲಗೆಗೆ ಒತ್ತಿ ಹಾಗೇ ಕೂತುಬಿಟ್ಟ. ಸೇತುವೆಯ ಮೇಲೆ ಆ ನಗು ಯಾಕಿತ್ತು, ಆಮೇಲೆ ಆ ಮೌನ ಯಾಕಿತ್ತು, ಈಗ ಅರ್ಥವಾಯಿತು. ಕೆಂಪು ಒಂಚೂರು ಜಾಸ್ತಿ ಆಯ್ತೇನೋ ಅಂದಿದ್ದೆ!

ಅಜ್ಜಿ ಕಿಟಕಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ಅವಳ ಜನ್ಮದಲ್ಲಿ ಅದೇ ಮೊದಲು.

ಕೋರ್ಟಿನ ತಡೆ ಮುಗಿಯುತ್ತಾ ಬಂದಾಗ ಮತ್ತೆ ಮೆರವಣಿಗೆ ಹೊರಟಿತು. ಅದೇ ಬೀದಿ, ಅದೇ ಸೇತುವೆ. ತೇಕ್ಲೆ ಕೊಟ್ಟ ಬೋರ್ಡನ್ನು ಶಾಲ್ವ ಬೇಡವೆಂದ. ತಾನೇ ಒಂದು ತಂದಿದ್ದ, ಹಿಟ್ಟಿನ ಚೀಲದ ಬಟ್ಟೆ ಮುಚ್ಚಿಕೊಂಡು. ಅವಳ ಮುಂದಿನ ಸಾಲಿನಲ್ಲಿ ನಿಂತು, ಸೇತುವೆಯ ನಡುವಿಗೆ ಬಂದ ಮೇಲೆ ಬಟ್ಟೆ ಎಳೆದ.

ಮುಂಬದಿಯಲ್ಲಿ, ‘ಅಚ್ಚುಕೂಟ ನಮ್ಮದು. ಅಮ್ಮಂದಿರಿಗೆ ಭಾನುವಾರ ಬೇಕು.’ ಹಿಂಬದಿಯಲ್ಲಿ ಒಂದೇ ಪದ. ಅಕ್ಷರಗಳು ಕುಡಿದು ಬಂದವರ ಹಾಗೆ ಒಂದರ ಹೆಗಲಿಗೊಂದು ಒರಗಿದ್ದವು. ಒಂದು ಅಕ್ಷರವಂತೂ ಹಿಂದುಮುಂದಾಗಿತ್ತು.

‘ಓದಿದೆ.’

ತೇಕ್ಲೆಯ ಕಾಲು ನಿಂತಿತು. ಹಿಂದಿನ ಸಾಲು ಅವಳಿಗೆ ಡಿಕ್ಕಿ ಹೊಡೆಯಿತು. ಘೋಷಣೆ ನಿಂತಿತು.

ಶಾಲ್ವ ತಿರುಗಿ ನೋಡಿದ.

“ಒಂದಕ್ಷರ ಹಿಂದುಮುಂದಾಗಿದೆ ಕಣೋ,” ಅಂದಳು ತೇಕ್ಲೆ.

“ನಾನು ತಿರುಗೋ ಅವಸರಕ್ಕೆ ಅದೂ ತಿರುಗಿಬಿಟ್ಟಿದೆ.”

“ಕೆಂಪು ಒಂಚೂರು ಕಮ್ಮಿ ಆಯ್ತೇನೋ.”

“ನಿನ್ನಷ್ಟು ಧೈರ್ಯ ಇಲ್ಲ ನಂಗೆ. ಕಲಿಸು.”

“ನಡೀರೋ ಅಳಿಯಾ, ಹಿಂದೆ ಜನ ಇದೆ!” ಎಂದು ಉಷಾಂಗಿ ಮಾವ ಕೂಗಿದ. ಜನ ನಕ್ಕಿತು. ಈ ಸಲ ಆ ನಗು ಶಾಲ್ವನ ಕಿವಿ ಸುಡಲಿಲ್ಲ.

ಸೇತುವೆ ಇನ್ನೂ ಅರ್ಧ ಇತ್ತು. ಉಳಿದರ್ಧವನ್ನು ಅವನು ಹಿಂದುಹಿಂದಕ್ಕೇ ನಡೆದ, ಅವಳನ್ನು ನೋಡುತ್ತಾ, ಹಲಗೆಯನ್ನು ಎತ್ತಿ ಹಿಡಿದು. ಎಡವಿ ಬೀಳದ ಹಾಗೆ ಗುಗುಲಿ ಅಜ್ಜಿ ಅವನ ಅಂಗಿಯ ಚುಂಗನ್ನು ಭದ್ರವಾಗಿ ಹಿಡಿದುಕೊಂಡಿದ್ದಳು.